ಜ್ವರ ಬಿಟ್ಟ ಮೇಲೆ ಉಸಿರಿನ ಕಡೆ ನೋಡಿ

ನಮ್ಮ ಮನೆಗಳಲ್ಲಿ ಜ್ವರದ ಲೆಕ್ಕ ಬಹಳ ಸರಳ. ಮೈ ಸುಡುತ್ತಿದ್ದರೆ ಕಾಯಿಲೆ, ಮೈ ತಣ್ಣಗಾಯಿತೆಂದರೆ ಗುಣ. ನೆಗಡಿ ಜ್ವರಕ್ಕೆ ಈ ಲೆಕ್ಕ ಸರಿಹೋಗುತ್ತದೆ. ಡೆಂಗಿ ಜ್ವರಕ್ಕೆ ಮಾತ್ರ ಇದು ತಿರುಗುಮುರುಗು. ನಾಲ್ಕೈದು ದಿನ ಸುಟ್ಟ ಜ್ವರ ಇಳಿದು, ಮಗುವನ್ನು ಇನ್ನು ಶಾಲೆಗೆ ಕಳಿಸಬಹುದೆಂದು ಮನೆಯವರು ಮಾತಾಡಿಕೊಳ್ಳುವ ಹೊತ್ತಿಗೇ ಅಪಾಯದ ಒಂದೆರಡು ದಿನ ಶುರುವಾಗಿರುತ್ತವೆ. ಎಲ್ಲರಿಗೂ ಹೀಗಾಗುವುದಿಲ್ಲ, ಹೆಚ್ಚಿನವರು ತಾವಾಗಿಯೇ ಗುಣವಾಗುತ್ತಾರೆ. ಆದರೆ ಯಾರಿಗೆ ಆಗುತ್ತದೆಂದು ಮೊದಲೇ ಹೇಳಲು ಬರುವುದಿಲ್ಲವಾದ್ದರಿಂದ ಎಲ್ಲರ ಮೇಲೂ ಕಣ್ಣಿಡಬೇಕಾಗುತ್ತದೆ.

ಆ ಎರಡು ದಿನಗಳಲ್ಲಿ ದೇಹದೊಳಗೆ ನಡೆಯುವುದೇನು? ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಪ್ಲಾಸ್ಮಾ ಎಂಬ ದ್ರವ. ಸಣ್ಣ ರಕ್ತನಾಳಗಳ ಗೋಡೆ ಅದನ್ನು ಒಳಗೆ ಹಿಡಿದಿಟ್ಟಿರುತ್ತದೆ. ತೀವ್ರ ಡೆಂಗಿಯಲ್ಲಿ ಈ ಗೋಡೆ ಮಣ್ಣಿನ ಗಡಿಗೆಯಂತೆ ಜಿನುಗತೊಡಗುತ್ತದೆ. ಸೋರಿದ ದ್ರವ ಹೊಟ್ಟೆಯಲ್ಲೂ, ಶ್ವಾಸಕೋಶವನ್ನು ಸುತ್ತಿರುವ ಎರಡು ಪದರಗಳ ನಡುವೆಯೂ ತುಂಬಿಕೊಳ್ಳುತ್ತದೆ. ಸಾಮಾನ್ಯವಾಗಿ ಮೊದಲು ಬಲಗಡೆ. ಹಿಗ್ಗಲು ಜಾಗ ಸಾಲದ ಶ್ವಾಸಕೋಶ ಕುಗ್ಗಿ, ಉಸಿರು ಮೇಲುಮೇಲಕ್ಕೆ, ಬೇಗಬೇಗ ಆಗುತ್ತದೆ. ಇತ್ತ ರಕ್ತನಾಳದೊಳಗೆ ದ್ರವ ಕಡಿಮೆಯಾಗಿ ರಕ್ತ ಮಂದವಾಗುತ್ತದೆ, ಬಿ.ಪಿ. ಕುಸಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ. ಈ ತಣ್ಣನೆಯ ಕೈ ಮುಟ್ಟಿ ನೋಡಿಯೇ ಜ್ವರ ಬಿಟ್ಟಿತೆಂದು ಸಮಾಧಾನಪಡುವ ತಾಯಂದಿರಿದ್ದಾರೆ. ಕೆಲವರಲ್ಲಿ, ಅಂಥವರು ಕಡಿಮೆ, ದ್ರವ ಶ್ವಾಸಕೋಶದ ಗಾಳಿಗೂಡುಗಳ ಒಳಕ್ಕೇ ಇಳಿಯುತ್ತದೆ. ಆಗ ಎಳೆದುಕೊಂಡ ಗಾಳಿಯ ಆಮ್ಲಜನಕ ರಕ್ತಕ್ಕೆ ಸೇರುವುದೇ ಕಷ್ಟವಾಗಿ ವೆಂಟಿಲೇಟರ್ ಬೇಕಾಗಬಹುದು.

ನಮ್ಮ ಭಾಗದಲ್ಲಿ ಇದಕ್ಕೊಂದು ಸ್ಥಳೀಯ ತೊಡಕೂ ಇದೆ. ಸಂಡೂರಿನ ಕಡೆ ಅದಿರಿನ ಕೆಂಪು ಧೂಳಿಗೆ ಕೆಮ್ಮುವುದು, ಏದುಸಿರು ಬಿಡುವುದು ಮನೆಮನೆಯ ಮಾತು. ಡೆಂಗಿಯ ಐದನೆಯ ದಿನ ಬಂದ ಉಬ್ಬಸವನ್ನೂ ಧೂಳಿನ ಲೆಕ್ಕಕ್ಕೆ ಸೇರಿಸಿ ಕೆಮ್ಮಿನ ಸಿರಪ್ಪು ತಂದುಕೊಟ್ಟುಬಿಡುವುದು ಸುಲಭ. ವ್ಯತ್ಯಾಸ ನೆನಪಿಡಿ: ಧೂಳಿನ ಕೆಮ್ಮು ತಿಂಗಳುಗಟ್ಟಲೆ ಬಂದುಹೋಗುತ್ತಿರುತ್ತದೆ. ಜ್ವರ ಬಿಟ್ಟ ದಿನವೋ ಮರುದಿನವೋ ಹೊಸದಾಗಿ ಕಾಣಿಸಿಕೊಂಡ ಏದುಸಿರು ಧೂಳಿನದೆಂದು ನೀವಾಗಿಯೇ ತೀರ್ಮಾನಿಸಬೇಡಿ.

ಉಸಿರು ಎಣಿಸಲು ಯಂತ್ರ ಬೇಕಿಲ್ಲ. ಮಗು ಮಲಗಿದ್ದಾಗ ಅಂಗಿ ಸರಿಸಿ, ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ಎದೆ ಏರಿಳಿಯುವುದನ್ನು ಎಣಿಸಿ. ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದ ಕೂಸಿಗೆ 50 ಅಥವಾ ಹೆಚ್ಚು ಬಂದರೆ ತಡಮಾಡದೆ ಹೊರಡಿ. ದೊಡ್ಡವರಲ್ಲಿ ಸುಮ್ಮನೆ ಕೂತಾಗ 20 ದಾಟುವುದು ಸಹಜವಲ್ಲ. ಇದರ ಜೊತೆಗೆ ಬಿಡದ ಹೊಟ್ಟೆನೋವು, ಮತ್ತೆಮತ್ತೆ ವಾಂತಿ, ವಸಡಿನ ರಕ್ತ, ಮಂಕು, ಆರು ಗಂಟೆಯಾದರೂ ಮೂತ್ರವಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ಸಾಕು, ಬೆಳಗಾಗಲೆಂದು ಕಾಯಬೇಡಿ.

ಇನ್ನು ಈ ಅಂಕಣದಲ್ಲಿ ಖಾರವಾಗಿಯೇ ಹೇಳಬೇಕಾದ ಮಾತು. ಜ್ವರ ಬಂತೆಂದರೆ "ಡಾಕ್ಟ್ರೇ, ಒಂದು ಬಾಟ್ಲಿ ಸಲೈನ್ ಹಚ್ಚಿಬಿಡ್ರಿ" ಎಂದು ಕೇಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಒಲ್ಲೆನೆಂದ ವೈದ್ಯರನ್ನು ಬಿಟ್ಟು ಪಕ್ಕದ ಬೀದಿಯ ಕ್ಲಿನಿಕ್ಕಿಗೆ ಹೋಗುವವರಿದ್ದಾರೆ. ಬಿ.ಪಿ. ಕುಸಿದ ರೋಗಿಗೆ ಸಲೈನು ಜೀವ ಉಳಿಸುತ್ತದೆ, ನಿಜ. ಆದರೆ ಸೋರುವ ನಾಳಕ್ಕೆ ಬೇಕಿಲ್ಲದೆ ಸುರಿದ ನೀರು ಎಲ್ಲಿಗೆ ಹೋದೀತು? ಅದೂ ಎದೆಗೂಡಿಗೇ ಸೋರುತ್ತದೆ. ಸೋರಿಕೆ ಒಂದೆರಡು ದಿನದಲ್ಲಿ ನಿಂತ ಮೇಲೆ ಇನ್ನೊಂದು ಗಂಡಾಂತರ: ಹೊರಗೆ ನಿಂತಿದ್ದ ದ್ರವವೆಲ್ಲ ರಕ್ತನಾಳಕ್ಕೆ ಮರಳುತ್ತಿರುವಾಗ ಮೇಲಿಂದ ಬಾಟಲಿಯೂ ಇಳಿಯುತ್ತಿದ್ದರೆ ನಾಳ ತುಂಬಿ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಡೆಂಗಿಯಲ್ಲಿ ಉಸಿರುಗಟ್ಟುವ ಪ್ರಕರಣಗಳಿಗೆ ಅತಿಯಾದ ಸಲೈನೂ ಒಂದು ಮುಖ್ಯ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯೇ ಎಚ್ಚರಿಸಿದೆ. ರೋಗಿ ಬಾಯಲ್ಲಿ ಕುಡಿಯಬಲ್ಲನಾದರೆ ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಸಾಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಚುಚ್ಚುಮದ್ದು ಬೇಡವೇ ಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ಎದೆಯಲ್ಲಿ ನಿಂತ ನೀರನ್ನು ಸೂಜಿ ಹಾಕಿ ತೆಗೆಯಿರೆಂದು ಒತ್ತಾಯಿಸುವುದೂ ಬೇಡ. ಅದು ಸಾಮಾನ್ಯವಾಗಿ ತಾನಾಗಿಯೇ ಇಂಗುತ್ತದೆ.

ಪ್ಲೇಟ್‌ಲೆಟ್ ಗೀಳಿನ ಬಗ್ಗೆಯೂ ಎರಡು ಮಾತು. ಆಸ್ಪತ್ರೆಯ ವರಾಂಡದಲ್ಲಿ ಬಂಧುಗಳೆಲ್ಲ ಕೇಳುವುದು ಒಂದೇ ಪ್ರಶ್ನೆ, ಎಷ್ಟಾಯಿತು ಎಂದು. ರಕ್ತಸ್ರಾವವಿಲ್ಲದ ವಯಸ್ಕರಿಗೆ ಮುನ್ನೆಚ್ಚರಿಕೆಗೆಂದು ಪ್ಲೇಟ್‌ಲೆಟ್ ಏರಿಸುವುದರಿಂದ ಲಾಭವಿಲ್ಲವೆಂದು ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕೇಳುವುದಾದರೆ ಹಿಮಟೊಕ್ರಿಟ್ ಕೇಳಿ. ಲ್ಯಾಬಿನ ಚೀಟಿಯಲ್ಲಿ ಪಿಸಿವಿ ಎಂದಿರುತ್ತದೆ. ಅದು ರೋಗಿಯ ಮೊದಲಿನ ಮಟ್ಟಕ್ಕಿಂತ ಶೇ. 20ರಷ್ಟು ಏರಿತೆಂದರೆ ಸೋರಿಕೆ ನಡೆದಿದೆ ಎಂದರ್ಥ.

ಸೊಳ್ಳೆಯ ವಿಷಯಕ್ಕೆ ಬಂದರೆ, ಕಂಪ್ಲಿಯವರು ಭತ್ತದ ಗದ್ದೆಯನ್ನು ದೂರುತ್ತಾರೆ, ಹೊಸಪೇಟೆಯವರು ಚರಂಡಿಯನ್ನು. ಎರಡೂ ಅಲ್ಲ. ಗದ್ದೆಯ ಸೊಳ್ಳೆಯಿಂದ ಮೆದುಳು ಜ್ವರದ ಭಯ. ಡೆಂಗಿಯ ಈಡಿಸ್ ಸೊಳ್ಳೆ ಹಗಲು ಕಚ್ಚುವಂಥದ್ದು, ಮನೆಯ ತಿಳಿನೀರಿನಲ್ಲೇ ಹುಟ್ಟುವಂಥದ್ದು: ಡ್ರಮ್ಮು, ತೊಟ್ಟಿ, ಏರ್ ಕೂಲರಿನ ತಳ, ಲಾರಿ ಗ್ಯಾರೇಜಿನ ಹಳೆಯ ಟೈರು, ಹಂಪಿಗೆ ಬಂದವರು ಕುಡಿದೆಸೆದ ಎಳನೀರಿನ ಬುರುಡೆ. ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿ ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ಹೀಗಾಗಿ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಉಜ್ಜಿ ತೊಳೆದು ಒಣಗಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಒಳ್ಳೆಯದೇ. ಆದರೆ ತುಂಗಭದ್ರಾ ಜಲಾಶಯದ ಮಗ್ಗುಲಲ್ಲೇ ಇದ್ದು, ನಲ್ಲಿ ಯಾವಾಗ ಬರುತ್ತದೋ ಎಂದು ಡ್ರಮ್ಮು ತುಂಬಿಟ್ಟುಕೊಳ್ಳುವ ಹೆಣ್ಣುಮಗಳಿಗೆ ದಂಡ ಹಾಕುವ ಮೊದಲು ನಲ್ಲಿಯ ವೇಳೆಯನ್ನು ಗೊತ್ತುಮಾಡಿದರೆ ಇನ್ನೂ ಒಳ್ಳೆಯದು.

ಉಸಿರಾಟ ಕೆಟ್ಟ ರೋಗಿಯನ್ನು ಹೊಸಪೇಟೆಯಿಂದ ಬಳ್ಳಾರಿಗೆ, ಜನ ಈಗಲೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯಬೇಕಾಗಿ ಬಂದರೆ ಸುಮಾರು 60 ಕಿಲೋಮೀಟರ್ ದಾರಿ. ಬಾಡಿಗೆ ಕಾರಿಗಿಂತ ಆಮ್ಲಜನಕವಿರುವ 108 ಆಂಬುಲೆನ್ಸ್ ಕರೆಯಿರಿ. ರೋಗಿಯನ್ನು ಚಪ್ಪಟೆಯಾಗಿ ಮಲಗಿಸದೆ, ತಲೆಸುತ್ತು ಇಲ್ಲದಿದ್ದರೆ ಒರಗಿಸಿ ಕೂರಿಸಿ. ಜ್ವರ ಶುರುವಾದ ದಿನ, ಬಿಟ್ಟ ದಿನ, ಕೊನೆಯ ಬಾರಿ ಮೂತ್ರವಾದ ವೇಳೆ, ಅಲ್ಲಿಯವರೆಗೆ ಹೋಗಿರುವ ಸಲೈನ್ ಬಾಟಲಿಗಳ ಲೆಕ್ಕ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಬಿನ ಕಾಗದಗಳ ಜೊತೆಗಿಟ್ಟುಕೊಳ್ಳಿ. ಅಲ್ಲಿನ ವೈದ್ಯರು ಮೊದಲು ಕೇಳುವುದು ಅದನ್ನೇ.