ಕಾಯಕವಿಲ್ಲದ ಉಡುಗೊರೆ ಪ್ರಸಾದವಾದೀತೇ?



ಶರಣಧರ್ಮವು ಒಂದು ವಸ್ತುವನ್ನು ಅಳೆಯುವುದು ಅದು ಮನೆಗೆ ಬಂದ ದಾರಿಯಿಂದ. ಸತ್ಯಶುದ್ಧ ಕಾಯಕದಿಂದ ಬಂದುದು ಲಿಂಗಾರ್ಪಿತಕ್ಕೆ ಯೋಗ್ಯ; ಲಿಂಗಾರ್ಪಿತವಾದುದು ಪ್ರಸಾದ. ಕಾಯಕದ ಬೆವರು ತಾಗದೆ ಬಂದುದು ಎಷ್ಟೇ ಬೆಲೆಬಾಳಲಿ, ಅದು ಬರಿಯ ಪದಾರ್ಥ. ಈ ತತ್ತ್ವವನ್ನು ಬಾಯಿತುಂಬ ಹೇಳುವ ಮನೆಗಳಲ್ಲಿಯೇ ಇಂದು ದಸರಾ-ದೀಪಾವಳಿ ಸಮೀಪಿಸಿದೊಡನೆ ಒಂದು ಹೊಸ ಆಚರಣೆ ಬೇರೂರುತ್ತಿದೆ. ಹೈಸ್ಕೂಲು ಮತ್ತು ಕಾಲೇಜಿಗೆ ಹೋಗುವ ಮಕ್ಕಳ ಕೈಗೆ ಮೊಬೈಲ್ ಕೊಟ್ಟು, "ಹಬ್ಬಕ್ಕೆ ನಿನಗೇನು ಬೇಕೋ ಆರಿಸಿಕೋ" ಎನ್ನುವುದೇ ಆ ಆಚರಣೆ. ಮಗ ಆರಿಸುತ್ತಾನೆ, ತಂದೆ ಹಣ ಕಟ್ಟುತ್ತಾನೆ, ಮೂರು ದಿನಕ್ಕೆ ಪೆಟ್ಟಿಗೆ ಬರುತ್ತದೆ. ಇದು ಬೆಂಗಳೂರಿಗೆ ಮಾತ್ರ ಸೀಮಿತವಾದ ಮಾತಲ್ಲ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಂಥ ಗ್ರಾಮಕ್ಕೂ, ಹಾನಗಲ್ಲ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಿಗೂ ಸಲ್ಲುವ ಮಾತು. ಇದನ್ನು ಪ್ರೀತಿಯೆಂದು ಕರೆಯುವ ಮೊದಲು ಸದ್ಭಕ್ತರು ತುಸು ನಿಂತು ವಿಚಾರಿಸಬೇಕು.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ವೃತ್ತಾಂತ ಎಲ್ಲರಿಗೂ ತಿಳಿದುದೇ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹ ನಡೆಸಿದವರು ಅವರು. ಒಂದು ದಿನ ಮಾರಯ್ಯನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ಆ ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ತಿದ್ದಿದಳು. ಆ ಅಕ್ಕಿ ಕದ್ದುದಲ್ಲ, ಯಾರನ್ನೂ ವಂಚಿಸಿ ತಂದುದಲ್ಲ. ಅಂದಿನ ಅಗತ್ಯವನ್ನು ಮೀರಿದುದು ಎಂಬುದೊಂದೇ ಅದರ ದೋಷವಾಗಿತ್ತು. ಒಂದು ಕೊಂಡರೆ ಇನ್ನೊಂದು ಉಚಿತವೆಂಬ ಆಸೆಗೆ ಬಿದ್ದು ಎರಡನ್ನೂ ತರಿಸಿಕೊಳ್ಳುವ ಇಂದಿನ ಗೃಹಸ್ಥರಿಗೆ ಲಕ್ಕಮ್ಮನ ಮುಖ ನೋಡುವ ಧೈರ್ಯವುಂಟೇ? ಮರಳಿಸುವ ಪದ್ಧತಿ ಇಂದಿನ ಆನ್‌ಲೈನ್ ಖರೀದಿಯಲ್ಲಿಯೂ ಉಂಟು. ಬಣ್ಣ ಹಿಡಿಸಲಿಲ್ಲ, ಅಳತೆ ಸರಿಹೋಗಲಿಲ್ಲ ಎಂದು ಮರಳಿಸುವವರು ಎಷ್ಟೋ ಮಂದಿ. ಇದು ಬೇಕಾದುದಕ್ಕಿಂತ ಹೆಚ್ಚಾಯಿತೆಂದು ಮರಳಿಸುವವರು ಯಾರು?

ಕನ್ನಡ ನುಡಿಯೇ ಈ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಇಟ್ಟುಕೊಂಡಿದೆ. 'ತರು' ಎಂಬುದು ಒಂದು ಕ್ರಿಯೆ, 'ತರಿಸು' ಎಂಬುದು ಇನ್ನೊಂದು. ಹಿಂದೆ ತಂದೆ ಸಂತೆಗೆ ಹೋಗಿ ಹಬ್ಬದ ಬಟ್ಟೆ ತರುತ್ತಿದ್ದ. ದರ್ಜಿಯು ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಅಳತೆ ತೆಗೆದು ಹೊಲಿಯುತ್ತಿದ್ದ. ಆ ಅಂಗಿಯಲ್ಲಿ ತಂದೆಯ ನಡಿಗೆಯಿತ್ತು, ದರ್ಜಿಯ ಕಣ್ಣು-ಕೈಗಳ ದುಡಿಮೆಯಿತ್ತು, ಹಬ್ಬದ ಮುನ್ನಾದಿನದವರೆಗೆ ಕಾಯ್ದ ಮಗನ ತಾಳ್ಮೆಯಿತ್ತು. ಅನುಭವ ಮಂಟಪದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೂ ಒಬ್ಬನೆಂಬುದನ್ನು ಇಲ್ಲಿ ನೆನೆಯಬಹುದು. ಈಗ ತಂದೆ ತರುವುದಿಲ್ಲ, ತರಿಸುತ್ತಾನೆ. ಆರಿಸುವವನು ಮಗ, ಹೊರುವವನು ಬೇರೊಬ್ಬ. ತಂದೆಯ ಪಾಲಿಗೆ ಉಳಿದುದು ಹಣದ ಚೀಲದ ಪಾತ್ರ ಮಾತ್ರ. ಭಾರತೀಯ ಕರಾರು ಕಾಯ್ದೆ 1872ರ ಪ್ರಕಾರ ಪ್ರಾಪ್ತವಯಸ್ಕನಲ್ಲದವನು ಕರಾರು ಮಾಡಿಕೊಳ್ಳಲು ಅರ್ಹನಲ್ಲ. ಆದುದರಿಂದ 18 ತುಂಬದ ಮಗನ ಆಸೆಗೆ ತಂದೆಯ ಹೆಸರೇ ಸಹಿಯಾಗುತ್ತದೆ. ಹೆಸರು ತನ್ನದಾದ ಮೇಲೆ ಹೊಣೆಯೂ ತನ್ನದೆಂಬುದನ್ನು ತಂದೆ ಮರೆಯಲಾಗದು.

ಈ ಸೀಮೆಯ ಹಬ್ಬಗಳಿಗೆ ಉಡುಗೊರೆಯ ಸಂಸ್ಕಾರವಿಲ್ಲವೆಂದು ಯಾರೂ ಭಾವಿಸಬಾರದು. ನಾಗರಪಂಚಮಿಗೆ ಉಂಡಿ ಹಂಚುವುದು, ಸಂಕ್ರಾಂತಿಗೆ ಕುಸುರೆಳ್ಳು ಕೊಡುವುದು, ವಿಜಯದಶಮಿಗೆ ಬನ್ನಿ ಕೊಡುವುದು ಇವೆಲ್ಲ ಉಡುಗೊರೆಗಳೇ. ಬನ್ನಿಯ ಆಚರಣೆಯನ್ನು ಸೂಕ್ಷ್ಮವಾಗಿ ಗಮನಿಸಬೇಕು. ಅಲ್ಲಿ ಕೊಡುವವರು ಕಿರಿಯರು. ಹುಡುಗ-ಹುಡುಗಿಯರು ಮನೆಮನೆಗೆ ಹೋಗಿ, ಹಿರಿಯರ ಕೈಗೆ ಬನ್ನಿಯೆಲೆಯಿಟ್ಟು, ಬಂಗಾರದಂತೆ ಬಾಳೋಣವೆಂದು ಹೇಳಿ ಪಾದಮುಟ್ಟಿ ನಮಸ್ಕರಿಸುತ್ತಾರೆ. ಹಿರಿಯರು ಹರಸುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಬನ್ನಿ ಕೊಟ್ಟು ಒಂದಾಗುವುದುಂಟು. ಕಾಸು ಖರ್ಚಿಲ್ಲದ ಆ ಎಲೆ ಬಂಗಾರವಾಗುವುದು ಕೊಟ್ಟವನ ನಡೆಯಿಂದ, ಪಡೆದವನ ಹರಕೆಯಿಂದ. ಹದಿಹರೆಯದವರನ್ನು ಕೊಡುವ ಸ್ಥಾನದಲ್ಲಿ ನಿಲ್ಲಿಸಿದ ಈ ಹಬ್ಬವನ್ನು ತಲೆಕೆಳಗು ಮಾಡಿ, ಅವರನ್ನು ಬಾಗಿಲಲ್ಲಿ ಪೆಟ್ಟಿಗೆ ಕಾಯುವವರನ್ನಾಗಿ ಮಾಡಿರುವುದೇ ಇಂದಿನ ಅನರ್ಥ.

ಈ ಅನರ್ಥ ತಾನಾಗಿ ಬಂದುದಲ್ಲ. 2014ರ ಅಕ್ಟೋಬರ್ 6ರಂದು, ವಿಜಯದಶಮಿ ಕಳೆದು ದೀಪಾವಳಿ ಬರುವುದರೊಳಗೆ, ಫ್ಲಿಪ್‌ಕಾರ್ಟ್ ಸಂಸ್ಥೆ ತನ್ನ ಮೊದಲ 'ಬಿಗ್ ಬಿಲಿಯನ್ ಡೇ' ಮಾರಾಟ ನಡೆಸಿತು. ಬಳಿಕ ಅಮೆಜಾನ್ ಸಂಸ್ಥೆ ತನ್ನ ಮಾರಾಟಕ್ಕೆ 'ಗ್ರೇಟ್ ಇಂಡಿಯನ್ ಫೆಸ್ಟಿವಲ್' ಎಂದೇ ಹೆಸರಿಟ್ಟಿತು. ಹಬ್ಬವೆಂಬ ಮಾತನ್ನೇ ವ್ಯಾಪಾರ ತನ್ನದಾಗಿಸಿಕೊಂಡಿತು. ವ್ಯಾಪಾರಿ ವ್ಯಾಪಾರ ಮಾಡುವುದು ಸಹಜ. ಆದರೆ ಈ ವ್ಯಾಪಾರದ ಉಪಾಯಗಳನ್ನು ಸರ್ಕಾರವೇ ಪಟ್ಟಿ ಮಾಡಬೇಕಾಗಿ ಬಂದಿತೆಂಬುದು ಗಮನಾರ್ಹ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆನ್‌ಲೈನ್ ಮಾರಾಟದಲ್ಲಿ ಕೊಳ್ಳುವವನ ಮನಸ್ಸನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಇನ್ನೇನು ಮುಗಿದೇಹೋಯಿತೆಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೇಡವೆಂದವನಿಗೆ ನಾಚಿಕೆಯಾಗುವಂತೆ ಮಾಡುವುದು, ಬೆಲೆಯ ಒಂದು ಭಾಗವನ್ನು ಕೊನೆಯವರೆಗೆ ಮುಚ್ಚಿಡುವುದು ಅವುಗಳಲ್ಲಿ ಕೆಲವು. ಸಂಸಾರ ಕಂಡ ಹಿರಿಯರೇ ಸೋಲುವ ಈ ಬಲೆಗೆ ಹದಿನೈದರ ಬಾಲಕನನ್ನು ಹಬ್ಬದ ಹೆಸರಿನಲ್ಲಿ ತಾವೇ ಇಳಿಸುವುದು ಎಂಥ ವಾತ್ಸಲ್ಯ?

ಇನ್ನು ಕಂತಿನ ಮಾತು. ಬಡ್ಡಿಯಿಲ್ಲದ ಕಂತೆಂಬ ಆಕರ್ಷಣೆಗೆ ರೈತಾಪಿ ಮನೆಗಳೂ ಮರುಳಾಗುತ್ತಿವೆ. ಶೂನ್ಯ ಬಡ್ಡಿಯೆಂಬುದು ಅಸ್ತಿತ್ವದಲ್ಲಿಯೇ ಇಲ್ಲದ ಕಲ್ಪನೆಯೆಂದು ಭಾರತೀಯ ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ಬಡ್ಡಿ ಒಂದಲ್ಲ ಒಂದು ರೂಪದಲ್ಲಿ ಅಡಗಿಯೇ ಇರುತ್ತದೆ. ಲೆಕ್ಕವನ್ನು ಶರಣರ ರೀತಿಯಲ್ಲಿ, ಅಂದರೆ ಕಾಯಕದ ದಿನಗಳಲ್ಲಿ ಮಾಡಿನೋಡಬೇಕು. 2025-26ನೇ ಸಾಲಿನಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕಕ್ಕೆ ಗೊತ್ತುಪಡಿಸಿದ ದಿನಗೂಲಿ 370 ರೂಪಾಯಿ. 14,800 ರೂಪಾಯಿಯ ಒಂದು ಮೊಬೈಲ್ ಎಂದರೆ ಒಬ್ಬ ತಾಯಿ ಬಿಸಿಲಿನಲ್ಲಿ ಮಣ್ಣು ಹೊತ್ತ 40 ದಿನಗಳು. ಪರದೆಯ ಮೇಲೆ ಕಾಣುವುದು ಕಡಿತವಾದ ಶೇಕಡಾವಾರು ಮಾತ್ರ. ಈ 40 ದಿನಗಳು ಮಗನಿಗೆ ಕಾಣಬೇಕಾದರೆ ಹೇಳಬೇಕಾದವರು ತಂದೆತಾಯಿಗಳೇ.

ಗೊಟಗೋಡಿಯ ಭಕ್ತರಿಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಹೆದ್ದಾರಿಯ ಬದಿಗೆ ಕಲಾವಿದ ದಿ. ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕನ್ನು, ಅದರ ನಾನಾ ಕಸುಬುಗಳನ್ನು ಅಲ್ಲಿ ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಲಾಗಿದೆ. ಅದೇ ಊರಿನಲ್ಲಿ 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಜನಪದರ ಕಲೆ-ಕಸುಬುಗಳನ್ನು ಅಧ್ಯಯನದ ವಿಷಯವಾಗಿಸಿದೆ. ಎರಡೂ ಸ್ತುತ್ಯ ಕಾರ್ಯಗಳು. ಆದರೆ ಕಾಯಕಗಳು ಶಿಲ್ಪದಲ್ಲಿ ಮತ್ತು ಪಠ್ಯದಲ್ಲಿ ಮಾತ್ರ ಉಳಿದು, ಮನೆಯಂಗಳದಲ್ಲಿ ಇಲ್ಲವಾದರೆ ಆ ಕಾರ್ಯಗಳ ಉದ್ದೇಶ ಸಾರ್ಥಕವಾಗುವುದೇ? ಶಿಲ್ಪದ ಎದುರು ನಿಂತು ಫೋಟೋ ತೆಗೆಯುವ ಮಗನಿಗೆ ಊರಿನ ಬಡಿಗನ ಹೆಸರು, ಕುಂಬಾರನ ಮನೆ ತಿಳಿದಿರಬೇಕು. ಅದೇ ಹೆದ್ದಾರಿಯಲ್ಲಿ ಹಗಲಿರುಳು ಪೆಟ್ಟಿಗೆಗಳ ವಾಹನಗಳು ಓಡುತ್ತವೆ. ಆ ಪೆಟ್ಟಿಗೆಯೊಳಗಿನ ವಸ್ತುವನ್ನು ಯಾರು ಮಾಡಿದರು, ಯಾವ ಕೂಲಿಗೆ ಮಾಡಿದರು ಎಂಬುದು ಕೊಳ್ಳುವವನಿಗೆ ತಿಳಿಯುವುದೇ ಇಲ್ಲ.

ಇದಕ್ಕೆ ಆಕ್ಷೇಪಗಳಿವೆ. ಹಳ್ಳಿಯಲ್ಲಿ ಸಿಗದ ಪರೀಕ್ಷಾ ಪುಸ್ತಕ ಮನೆಬಾಗಿಲಿಗೆ ಬರುವುದು ತಪ್ಪೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ತಪ್ಪಲ್ಲ. ಅಂಗಡಿ ಕಲ್ಲಿನದಾದರೇನು, ಪರದೆಯದಾದರೇನು, ಅಗತ್ಯವನ್ನು ಅಗತ್ಯವಿದ್ದಷ್ಟೇ ಕೊಳ್ಳುವುದು ಗೃಹಸ್ಥಧರ್ಮ. ಇಲ್ಲಿ ಖಂಡಿಸುತ್ತಿರುವುದು ಉಪಕರಣವನ್ನಲ್ಲ. ಅಗತ್ಯವಿಲ್ಲದೆ, ಸಾಲ ಮಾಡಿ, ಹಬ್ಬದ ನೆಪದಲ್ಲಿ ಕೊಳ್ಳುವ ಚಪಲವನ್ನು. ಓರಗೆಯವರ ಮುಂದೆ ಮಗ ಸಣ್ಣವನಾಗಬಾರದಲ್ಲ ಎಂಬುದು ಇನ್ನೊಂದು ಆಕ್ಷೇಪ. ಇದು ನೋವಿನ ಮಾತು, ಹಗುರವಾಗಿ ತಳ್ಳಿಹಾಕುವಂಥದಲ್ಲ. ಆ ವಯಸ್ಸಿನಲ್ಲಿ ಗೆಳೆಯರ ನೋಟವೇ ಲೋಕದ ನೋಟ. ಆದರೆ ವಸ್ತುವಿನಿಂದ ಎತ್ತರವಾದವನು ಮುಂದಿನ ವರ್ಷ ಹೊಸ ವಸ್ತು ಬಂದಾಗ ಮತ್ತೆ ಸಣ್ಣವನಾಗುತ್ತಾನೆ. ಹುಟ್ಟಿನಿಂದಲೂ ಸಂಪತ್ತಿನಿಂದಲೂ ಮನುಷ್ಯನನ್ನು ಅಳೆಯಲೊಪ್ಪದ ಧರ್ಮದಲ್ಲಿ ಹುಟ್ಟಿದ ಮಗನಿಗೆ ತಂದೆ ಕಲಿಸಬೇಕಾದ ಅಳತೆ ಇದೇನೇ?

ಹದಿಹರೆಯದವರಿಗೆ ಏನು ಕೊಡಬೇಕೆಂಬುದಕ್ಕೆ ಈ ನೆಲದಲ್ಲಿಯೇ ಒಂದು ಉಜ್ವಲ ನಿದರ್ಶನವಿದೆ. ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು (1867–1930) ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಅಂಧ ಬಾಲಕನೊಬ್ಬನ ಕಂಠಶ್ರೀಯನ್ನು ಗುರುತಿಸಿದರು. ಅವನನ್ನು ಕರೆದುಕೊಂಡು ಹೋಗಿ, ಗುರುಗಳನ್ನು ಗೊತ್ತುಮಾಡಿ, ವರ್ಷಗಟ್ಟಲೆ ಸಂಗೀತ ಕಲಿಸಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು. ಅವರು ತಾವು ಪಡೆದುದನ್ನು ಪುಟ್ಟರಾಜ ಗವಾಯಿಗಳಿಗೆ (1914–2010) ಕೊಟ್ಟರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಅದು ಅಸಂಖ್ಯ ಅಂಧರ, ಅನಾಥರ ಬದುಕಿಗೆ ಬೆಳಕಾಯಿತು. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹನೀಯರು ಭಕ್ತರ ಮುಂದೆ ಜೋಳಿಗೆ ಹಿಡಿದುದು ಪರರ ಮಕ್ಕಳ ವಿದ್ಯೆಗಾಗಿ. ಪಡೆದವನನ್ನು ಕೊಡುವವನನ್ನಾಗಿ ಮಾಡಿದ ಉಡುಗೊರೆ ಅದು. ಪೆಟ್ಟಿಗೆಯಲ್ಲಿ ಬಂದ ಯಾವ ವಸ್ತುವಿಗೆ ಈ ಶಕ್ತಿಯುಂಟು?

ಈ ಸಂದರ್ಭದಲ್ಲಿ ಮರೆಯಬಾರದ ಇನ್ನೊಬ್ಬನಿದ್ದಾನೆ. ಪೆಟ್ಟಿಗೆಯನ್ನು ಬಾಗಿಲಿಗೆ ತರುವ ಯುವಕನೂ ಯಾವುದೋ ತಾಯಿಯ ಮಗನೇ, ಹದಿಹರೆಯವನ್ನು ಈಚೆಗಷ್ಟೇ ದಾಟಿದವನೇ. ಹಬ್ಬದ ದಿನವೂ ಅವನಿಗೆ ಬಿಡುವಿಲ್ಲ. ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಪ್ರತ್ಯೇಕ ಕಾನೂನನ್ನೇ ರೂಪಿಸಿತು. ಸರ್ಕಾರಕ್ಕೆ ಕಂಡ ಅವನ ಶ್ರಮ ಭಕ್ತರ ಕಣ್ಣಿಗೆ ಬೀಳದಿದ್ದರೆ ದಾಸೋಹದ ಮಾತಿಗೆ ಅರ್ಥವೇನು? ಪೆಟ್ಟಿಗೆಗೆ ಕೈಯೊಡ್ಡುವ ಮಗನು ಮೊದಲು ಅವನಿಗೊಂದು ಲೋಟ ನೀರು ಕೊಟ್ಟು ಶರಣು ಹೇಳಲಿ.

ಆದುದರಿಂದ ಬರುವ ಹಬ್ಬಗಳಲ್ಲಿ ಸದ್ಭಕ್ತರು ಮೂರು ನೇಮಗಳನ್ನು ಪಾಲಿಸುವುದು ಉಚಿತ. ಮೊದಲನೆಯದಾಗಿ, ಹಬ್ಬದ ವಸ್ತುವಿಗಾಗಿ ಸಾಲವನ್ನಾಗಲಿ ಕಂತನ್ನಾಗಲಿ ಮಾಡಬಾರದು. ಎರಡನೆಯದಾಗಿ, ಏನನ್ನೇ ಕೊಳ್ಳುವ ಮುನ್ನ ಅದು ಮನೆಯವರ ಎಷ್ಟು ದಿನದ ದುಡಿಮೆಯೆಂಬುದನ್ನು ಮಕ್ಕಳಿಂದಲೇ ಲೆಕ್ಕ ಮಾಡಿಸಬೇಕು. ಆ ಬಳಿಕವೂ ಅವರು ಬೇಕೆಂದರೆ ವಿಚಾರಿಸಬಹುದು. ಮೂರನೆಯದಾಗಿ, ಪ್ರತಿ ಹಬ್ಬಕ್ಕೂ ಮಗನೋ ಮಗಳೋ ತಮ್ಮ ಕೈಯ ಕಾಯಕದಿಂದ ಒಂದನ್ನಾದರೂ ಇನ್ನೊಬ್ಬರಿಗೆ ಕೊಡಬೇಕು. ಅಜ್ಜಿಯ ಕೌದಿಗೆ ನಾಲ್ಕು ಹೊಲಿಗೆ, ನೆರೆಮನೆಯ ಕಿರಿಯನಿಗೆ ಒಂದು ವಾರದ ಗಣಿತ ಪಾಠ, ಮಠದ ದಾಸೋಹದಲ್ಲಿ ಒಂದು ಹೊತ್ತಿನ ಸೇವೆ, ಯಾವುದಾದರೂ ಸರಿ.

ಹಬ್ಬದ ಮರುದಿನ ಮಕ್ಕಳ ಕೈಗೆ ಏನು ಬಂತೆಂದು ಕೇಳುವವರು ಲೋಕದಲ್ಲಿ ಬಹಳ. ಅವರ ಕೈಯಿಂದ ಯಾರಿಗೆ ಏನು ಸಂದಿತೆಂದು ಕೇಳುವ ಮನೆಯಲ್ಲಿ ಬಸವಣ್ಣನವರ ದಾಸೋಹ ಇನ್ನೂ ಜೀವಂತವಾಗಿದೆ.