ಪ್ರವಚನದ ತುಣುಕು ವಿಡಿಯೋ: ದೂರು ಕೊಡಬೇಕಾದವರು ಯಾರು?

ಚಾತುರ್ಮಾಸ ಬಂತೆಂದರೆ ಶ್ರಾವಕರ ಮೊಬೈಲ್‌ಗಳಲ್ಲಿ ಪ್ರವಚನದ ವಿಡಿಯೋಗಳು ತುಂಬಿಕೊಳ್ಳುತ್ತವೆ. ಸೋಂದಾದ ಸ್ವಾದಿ ಜೈನ ಮಠದಲ್ಲಿ ಆಡಿದ ಮಾತು ಅರ್ಧ ತಾಸಿನಲ್ಲಿ ಯಲ್ಲಾಪುರ ತಾಲ್ಲೂಕಿನ ಚಂದಗುಳಿಯನ್ನೂ ಮುಟ್ಟಬಲ್ಲದು. ಬಸದಿಗೆ ದಿನವೂ ಹೋಗಲಾಗದ ಮನೆಗಳಿಗೆ ಇದು ಉಪಕಾರವೇ. ಆದರೆ ಒಂದು ಗಂಟೆಯ ಪ್ರವಚನದಿಂದ ಮೂವತ್ತು ಸೆಕೆಂಡು ಕತ್ತರಿಸಿ, ಹಿಂದುಮುಂದಿನ ಮಾತು ತೆಗೆದು, ಕೆರಳಿಸುವ ತಲೆಬರಹ ಹಚ್ಚಿ ಹರಿಬಿಟ್ಟರೆ?

‘66ಎ ಅಡಿ ದೂರು ಕೊಡಿ’ ಎನ್ನುವವರು ಈಗಲೂ ಇದ್ದಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ, ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, ರದ್ದುಪಡಿಸಿದೆ. ಮುನಿಗಳ ಹೆಸರಿನಲ್ಲಿ ನಕಲಿ ಖಾತೆ ತೆರೆದಿದ್ದರೆ 66ಸಿ, 66ಡಿ ಕಲಮುಗಳನ್ನು ನೋಡಬಹುದು. ಧಾರ್ಮಿಕ ಭಾವನೆ ಕೆಣಕಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಇದ್ದು, ಮೂರು ವರ್ಷದವರೆಗೆ ಶಿಕ್ಷೆಯಿದೆ. ಆದರೆ ದುರುದ್ದೇಶದಿಂದ, ಬೇಕೆಂದೇ ಮಾಡಿದ್ದು ಎಂಬುದನ್ನು ಸಾಬೀತುಪಡಿಸಬೇಕು. ಅದು ಸುಲಭವಲ್ಲ.

ಸಮಾಜ ಅಷ್ಟಾಗಿ ಗಮನಿಸದ ದಾರಿಯೊಂದು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿದೆ. ಅದರ ಪ್ರಕಾರ ‘ಉಪನ್ಯಾಸ’ ಎಂಬುದರಲ್ಲಿ ಧರ್ಮಬೋಧನೆಯೂ ಸೇರುತ್ತದೆ. ಸಾರ್ವಜನಿಕವಾಗಿ ಮಾಡಿದ ಭಾಷಣದ ಮೊದಲ ಹಕ್ಕುದಾರರು ಮಾತಾಡಿದವರು. ಪೆಂಡಾಲ್ ಹಾಕಿಸಿದ ಸಮಿತಿಯಲ್ಲ. ಸಕಲ ಪರಿಗ್ರಹ ತ್ಯಜಿಸಿದವರಿಗೂ ಕಾನೂನು ಒಂದು ಸ್ವತ್ತನ್ನು ಉಳಿಸಿಬಿಟ್ಟಿದೆ! 2012ರ ತಿದ್ದುಪಡಿಯ ನಂತರ, ತಮ್ಮ ಉಪನ್ಯಾಸವನ್ನು ಗೌರವಕ್ಕೆ ಧಕ್ಕೆಯಾಗುವಂತೆ ತಿರುಚಿದರೆ ಆಕ್ಷೇಪಿಸುವ ಹಕ್ಕೂ ಅವರಿಗಿದೆ.

ಹಾಗಾದರೆ ಮುನಿಗಳೇ ಕೋರ್ಟಿಗೆ ಬರಬೇಕೆ? ಇಲ್ಲಿ ಮಣಿಪಾಲದ ಪ್ರಕರಣವೊಂದು ನೆನಪಾಗಬೇಕು. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಗಳ ಹಕ್ಕು ತನ್ನದು, ಅವು ತನ್ನ ಕೇಂದ್ರದಲ್ಲಿ ತನ್ನ ಹಣದಿಂದ ಬೆಳೆದವು ಎಂದು ಅಕಾಡೆಮಿ ಆಫ್ ಜನರಲ್ ಎಜುಕೇಶನ್ ವಾದಿಸಿತ್ತು. ಕಾರಂತರು 1994ರಲ್ಲೇ ಉಯಿಲು ಬರೆದಿಟ್ಟಿದ್ದರು. 2009ರಲ್ಲಿ ಸುಪ್ರೀಂ ಕೋರ್ಟ್ ಉಯಿಲಿನಿಂದ ಬಂದ ಹಕ್ಕನ್ನೇ ಎತ್ತಿಹಿಡಿದು, ಕಾಯ್ದೆಯ ವಿನಾಯಿತಿಗಳನ್ನಷ್ಟೇ ಸಂಸ್ಥೆಗೆ ಬಿಟ್ಟಿತು. ಉಸ್ತುವಾರಿ ಯಾರದ್ದಾಗಿತ್ತು ಎಂಬುದಕ್ಕಿಂತ ಬರವಣಿಗೆಯಲ್ಲಿ ಏನಿತ್ತು ಎಂಬುದು ಮುಖ್ಯವಾಯಿತು. ಚಾತುರ್ಮಾಸ ಸಮಿತಿಗಳು ಮೊದಲ ದಿನವೇ ಪೂಜ್ಯರಿಂದ ಲಿಖಿತ ಅಧಿಕಾರಪತ್ರ ಪಡೆದಿಟ್ಟುಕೊಂಡರೆ, ತಿರುಚಿದ ತುಣುಕನ್ನು ತೆಗೆಸಲು ಯೂಟ್ಯೂಬ್‌ಗೆ ಅವರ ಪರವಾಗಿ ದೂರು ಕೊಡಬಹುದು. ಕಾಗದವಿಲ್ಲದ ಸಮಿತಿಯ ದೂರು ಬರೀ ಬೇಸರವಾಗಿ ಉಳಿಯುತ್ತದೆ.

ಇದೇ ಕಾಯ್ದೆ ಶ್ರಾವಕರ ಕಡೆಗೂ ತಿರುಗುತ್ತದೆ. ಪಂಪನ ಆದಿಪುರಾಣ ಯಾರ ಸ್ವತ್ತೂ ಅಲ್ಲ. ಆದರೆ 1975ರಲ್ಲಿ ತೀರಿಕೊಂಡ ಸದಲಗಾದ ಡಾ. ಎ.ಎನ್. ಉಪಾಧ್ಯೆಯವರ ಪೀಠಿಕೆಗಳಿಗೆ 2035ರ ಕೊನೆಯವರೆಗೆ ರಕ್ಷಣೆಯಿದೆ. ಅವನ್ನು ಸ್ಕ್ಯಾನ್ ಮಾಡಿ ವಾಟ್ಸಾಪ್‌ನಲ್ಲಿ ಹಂಚುವುದು ಜ್ಞಾನದಾನವೆಂದು ಅನಿಸಿದರೂ ಪೊಲೀಸರು ಹಾಗೆಯೇ ನೋಡುತ್ತಾರೆಂಬ ಭರವಸೆಯಿಲ್ಲ. ಗೊತ್ತಿದ್ದೂ ಮಾಡಿದ ಕೃತಿಸ್ವಾಮ್ಯ ಉಲ್ಲಂಘನೆ ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ಪೂಜೆಯ ವೇಳೆ ಬೇರೆಯವರು ರಚಿಸಿದ ಸ್ತವನ ಹಾಡಲು ಅಡ್ಡಿಯಿಲ್ಲ, ಧಾರ್ಮಿಕ ವಿಧಿಗೆ ಕಾಯ್ದೆಯಲ್ಲೇ ವಿನಾಯಿತಿಯಿದೆ. ಅದನ್ನು ರೆಕಾರ್ಡ್ ಮಾಡಿ ಚಾನೆಲ್‌ಗೆ ಏರಿಸುವ ಮುನ್ನ ರಚಿಸಿದವರನ್ನು ಒಂದು ಮಾತು ಕೇಳಬೇಕು.