ಸಂಕ್ರಾಂತಿಯ ಅಚ್ಚಿಗೆ ಹೊಸ ಉಳಿ



ಸಂಕ್ರಾಂತಿ ಹತ್ತಿರ ಬಂತೆಂದರೆ ನಮ್ಮ ಹಾಸನದ ಕಡೆ ಅಟ್ಟದ ಮೇಲಿನ ಮರದ ಅಚ್ಚುಗಳು ಕೆಳಗಿಳಿಯುತ್ತವೆ. ಆನೆ, ಗಿಳಿ, ಮಂಟಪ, ತುಳಸಿ ಬೃಂದಾವನ. ಎಳ್ಳುಬೆಲ್ಲದ ತಟ್ಟೆಯಲ್ಲಿ ಎರಡಾದರೂ ಸಕ್ಕರೆ ಅಚ್ಚು ಇಲ್ಲದಿದ್ದರೆ ಎಳ್ಳು ಬೀರುವ ಹುಡುಗಿಯ ಮುಖ ಸಪ್ಪಗಾಗುತ್ತದೆ.

ಹೊಳೆನರಸೀಪುರದ ಸೋದರಿಯೊಬ್ಬರ ಮನೆಯಲ್ಲಿ ಅತ್ತೆಯವರ ಕಾಲದ ಆನೆಯ ಅಚ್ಚು ಸೀಳಿಬಿಟ್ಟಿದೆಯಂತೆ. ಮಗಳ ಮೊದಲ ಎಳ್ಳು ಬೀರುವ ಶಾಸ್ತ್ರ ಬೇರೆ ಬರುತ್ತಿದೆ. ಮಗ ಹವ್ಯಾಸಕ್ಕೆಂದು ಮರ ಕೊರೆಯುವ ಸಣ್ಣ ಸಿಎನ್‌ಸಿ ಯಂತ್ರ ತಂದಿದ್ದಾನೆ. ಅದರಲ್ಲೇ ಹೊಸದನ್ನು ಮಾಡೋಣವೆಂದರೆ, ಮಿಷನ್ನಿನಲ್ಲಿ ಕೊರೆದದ್ದು ದೇವರ ಮುಂದೆ ಇಡಲು ಬಾರದು ಎಂದು ಅತ್ತೆಯವರು ಮುನಿಸಿಕೊಂಡಿದ್ದಾರೆ. ಏನು ಮಾಡಲಿ ಎಂದು ಕೇಳಿದ್ದಾರೆ.

ಮೊದಲು ಯಂತ್ರವೇನೆಂದು ತಿಳಿಯೋಣ. ಒಂದು ಮಣೆಯ ಮೇಲೆ ಮರದ ತುಂಡನ್ನು ಬಿಗಿಯುತ್ತಾರೆ. ಮೇಲೆ ವೇಗವಾಗಿ ತಿರುಗುವ ಮೊನೆ, ಅಂದರೆ ಬಿಟ್. ಕಂಪ್ಯೂಟರು ಅದನ್ನು ಎಡಬಲಕ್ಕೆ, ಹಿಂದೆಮುಂದೆ, ಮೇಲೆಕೆಳಗೆ ಹೀಗೆ ಮೂರು ಕಡೆ ನಡೆಸುತ್ತದೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ತೂತುಪಟ್ಟಿಯ ಲೆಕ್ಕದಿಂದ ಲೋಹ ಕೊರೆಯುವ ದೊಡ್ಡ ಯಂತ್ರ ತೋರಿಸಿದರು. ಅದರ ಮರಿಮಗುವೇ ಈಗ ಮೇಜಿನ ಮೇಲೆ ಕೂರುತ್ತದೆ. ಮನೆಗೆ ತರುವ ಸಣ್ಣ ಯಂತ್ರದಲ್ಲಿ ಕೊರೆಯುವ ಜಾಗ ಸುಮಾರು 30 ಸೆಂಟಿಮೀಟರ್ ಉದ್ದ, 18 ಅಗಲ. ಸಕ್ಕರೆ ಅಚ್ಚಿಗೆ ಧಾರಾಳ ಸಾಕು.

ಇನ್ನು ಅತ್ತೆಯವರ ಮಾತು. ಅವರನ್ನು ಒಮ್ಮೆ ಬೇಲೂರಿಗೆ ಕರೆದುಕೊಂಡು ಹೋಗಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯೊಳಗೆ ಬಳೆ ಬಳೆಯಾಗಿ ಹೊಳೆಯುವ ಕಂಬಗಳಿವೆಯಲ್ಲ, ಅಂಥವನ್ನು ತಿರುಗಣೆಯಲ್ಲಿ ಕಲ್ಲನ್ನು ತಿರುಗಿಸುತ್ತಾ ಕಡೆದದ್ದು. ಮದನಿಕೆಯರನ್ನು ಮಾತ್ರ ಉಳಿ ಹಿಡಿದು ಕೈಯಲ್ಲೇ ಬಿಡಿಸಿದರು. ತಿರುಗಣೆಯ ಕೆಲಸವೂ ಕೈಯ ಕೆಲಸವೂ ಒಂದೇ ದೇವರ ಮುಂದೆ ನಿಂತಿವೆ. ಇದನ್ನು ಮೆಲ್ಲಗೆ ಹೇಳಿ ನೋಡಿ, ವಾದಕ್ಕೆ ನಿಲ್ಲಬೇಡಿ.

ಈಗ ಕೆಲಸಕ್ಕೆ ಬರೋಣ. ಹಳೆಯ ಅಚ್ಚನ್ನು ಫೋಟೋ ತೆಗೆದು ಹಾಗೇ ಯಂತ್ರಕ್ಕೆ ಕೊಟ್ಟರಾಯಿತು ಎಂದು ಮಕ್ಕಳು ಹೇಳುತ್ತಾರೆ. ಹಾಗಲ್ಲ! ಬಣ್ಣ ಕಪ್ಪಾದಷ್ಟೂ ಆಳ ಎಂಬುದು ಆ ಲೆಕ್ಕ. ಫೋಟೋದಲ್ಲಿ ನೆರಳು ಬಿದ್ದ ಕಡೆಯೆಲ್ಲ ಗುಂಡಿ ತೋಡಿಬಿಡುತ್ತದೆ. ಆನೆಯ ಹೊಟ್ಟೆ, ಸೊಂಡಿಲು, ಕಾಲು, ಒಂದೊಂದು ಕಡೆಯೂ ಕಡ್ಡಿ ಇಟ್ಟು ಆಳ ಅಳೆದು ಬರೆದುಕೊಳ್ಳಿ. ಸೀಳಿದ ಅಚ್ಚನ್ನು ಒಲೆಗೆ ಹಾಕಬೇಡಿ. ಅಳತೆಯೆಲ್ಲ ಅದರಲ್ಲೇ ಇದೆ.

ಗುಂಡಿಯ ಗೋಡೆಗಳು ಬಾಯಿಯ ಕಡೆಗೆ ಅಗಲವಾಗುತ್ತಾ ಬರಬೇಕು, ಇಡ್ಲಿ ತಟ್ಟೆಯ ಗುಳಿಯಂತೆ. ಒಳಗೆ ಅಗಲ, ಬಾಯಿ ಕಿರಿದಾದರೆ ಸಕ್ಕರೆ ಕಚ್ಚಿಕೊಂಡು ಸೊಂಡಿಲು ಮುರಿಯುತ್ತದೆ. ಮೂರು ಕಡೆ ಚಲಿಸುವ ಯಂತ್ರಕ್ಕೆ ಸಾಮಾನ್ಯ ಮೊನೆಯಿಂದ ಒಳಬದಿಗೆ ಕೊರೆಯಲು ಬರುವುದೇ ಇಲ್ಲ. ಅದರ ಕೊರತೆಯೇ ಇಲ್ಲಿ ನಮಗೆ ಅನುಕೂಲ.

ಮರ ಚೆನ್ನಾಗಿ ಒಣಗಿದ ತೇಗವಾಗಲಿ. ಎರಡು ಹೋಳೂ ಒಂದೇ ಹಲಗೆಯಿಂದ ಬಂದರೆ ನೀರಲ್ಲಿ ಒಂದೇ ಸಮ ಉಬ್ಬುತ್ತವೆ, ಬಾಯಿ ಕೂಡುತ್ತದೆ. ಎಂಡಿಎಫ್ ಹಲಗೆ ಅಗ್ಗವೆಂದು ಆಸೆಪಡಬೇಡಿ. ಅದು ಅಂಟು ಬೆರೆಸಿ ಒತ್ತಿದ ಮರದ ಹುಡಿ. ನೀರಲ್ಲಿ ಉಬ್ಬುತ್ತದೆ, ತಿನ್ನುವ ಪದಾರ್ಥಕ್ಕೆ ಸಲ್ಲದು. ಎರಡನೆಯ ಹೋಳಿಗೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು. ಹೋಳುಗಳು ಜಾರದಂತೆ ಎರಡು ಸಣ್ಣ ಮರದ ಗೂಟಕ್ಕೆ ತೂತು, ಆನೆಯ ಪಾದದ ಕಡೆ ಪಾಕ ಹೊಯ್ಯಲು ಬಾಯಿ, ಇವನ್ನು ಮೊದಲೇ ಗುರುತು ಮಾಡಿ.

ಮೊದಲು ಚಪ್ಪಟೆ ಮೊನೆಯಿಂದ ಒರಟಾಗಿ ತೆಗೆದು, ಆಮೇಲೆ ಗುಂಡು ಮೊನೆಯಿಂದ ನಯ ಮಾಡುತ್ತಾರೆ. ಇಲ್ಲಿ ತಾಳ್ಮೆ ಬೇಕು. 8 ಸೆಂಟಿಮೀಟರ್ ಚೌಕದ ಒಂದು ಮುಖಕ್ಕೆ, ಗೆರೆಯಿಂದ ಗೆರೆಗೆ 0.3 ಮಿಲಿಮೀಟರ್ ಬಿಟ್ಟರೆ ಸುಮಾರು 267 ಗೆರೆ. ನಿಮಿಷಕ್ಕೆ 600 ಮಿಲಿಮೀಟರ್ ವೇಗದಲ್ಲಿ ನಯದ ಕೆಲಸವೊಂದಕ್ಕೇ 36 ನಿಮಿಷ. ಎರಡು ಮುಖಕ್ಕೆ ಒಂದೂಕಾಲು ಗಂಟೆ ಎನ್ನಿ. ನಡುವೆ ಕರೆಂಟು ಹೋದರೆ ಯಂತ್ರಕ್ಕೆ ತಾನೆಲ್ಲಿದ್ದೆ ಎಂಬುದೇ ಮರೆಯುತ್ತದೆ. ಆರಂಭದ ಮೂಲೆಯನ್ನು ಮರದ ಮೇಲೆ ಗೀರಿಟ್ಟುಕೊಂಡಿದ್ದರೆ ಮತ್ತೆ ಅಲ್ಲಿಂದ ಹೊಂದಿಸಬಹುದು.

ಗುಂಡು ಮೊನೆ 3 ಮಿಲಿಮೀಟರ್ ದಪ್ಪವಿದ್ದರೆ ಅದಕ್ಕಿಂತ ಸಣ್ಣ ಸಂದಿಗೆ ಇಳಿಯದು. ಆನೆಯ ಕಣ್ಣು, ಕಿವಿಯ ಗೆರೆ ಮೊಂಡಾಗಿಯೇ ಉಳಿಯುತ್ತವೆ. ಅಲ್ಲಿ ಸಣ್ಣ ಉಳಿ ಬೇಕು, ಕೈ ಬೇಕು. ಎಲ್ಲಿ ಎಷ್ಟು ಎಂದು ತೋರಿಸಲು ಅತ್ತೆಯವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಷ್ಟೋ ವರ್ಷ ಆ ಅಚ್ಚನ್ನು ಬಿಡಿಸಿದ ಕೈ ಅವರದು. ಅವರು ಗೆರೆ ತೋರಿಸಿ ಮೊಮ್ಮಗ ಬಿಡಿಸಿದ ಕಣ್ಣನ್ನು ಮಿಷನ್ನಿನದು ಎಂದು ಯಾರಾದರೂ ಹೇಳಿಯಾರೇ?

ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಮೇಲೆ ಕಟ್ಟಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಮೊನೆ ತಿರುಗುತ್ತಿರುವಾಗ ಬಳೆ ತೊಟ್ಟ ಕೈ ಹತ್ತಿರ ಹೋಗಬಾರದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಯಂತ್ರವನ್ನು ಬಿಟ್ಟು ಅಡುಗೆಮನೆಗೆ ಏಳಬೇಡಿ. ಅಡುಗೆಮನೆಯಲ್ಲೇ ಕೊರೆಯುವುದಂತೂ ಬೇಡವೇ ಬೇಡ.

ಕೊರೆದಾದ ಮೇಲೆ ಉಪ್ಪುಕಾಗದದಿಂದ ಉಜ್ಜಿ. ಬಣ್ಣ, ವಾರ್ನಿಷ್ ಏನೂ ಬೇಡ. ಗಟ್ಟಿಯಾಗಿ ಕಲಸಿದ ಚಪಾತಿ ಹಿಟ್ಟನ್ನು ಒತ್ತಿ ಬಿಡಿಸಿ ನೋಡಿ. ಎಲ್ಲಿ ಹಿಟ್ಟು ಹರಿಯುತ್ತದೋ ಅಲ್ಲಿ ಸಕ್ಕರೆಯೂ ಮುರಿಯುತ್ತದೆ. ಅಲ್ಲಿ ಇನ್ನಷ್ಟು ಉಜ್ಜಿ.

ಪಾಕ ಮಾಡುವ ಹಿಂದಿನ ರಾತ್ರಿ ಅಚ್ಚನ್ನು ನೀರಲ್ಲಿ ನೆನೆಹಾಕಿ. ಸಕ್ಕರೆಗೆ ನೀರು ಹಾಕಿ ಕುದಿಸಿ, ಒಂದು ಚಮಚ ಹಾಲು ಬಿಟ್ಟು ಮೇಲೆ ಬಂದ ಕೊಳೆ ತೆಗೆದು ಬಟ್ಟೆಯಲ್ಲಿ ಸೋಸಿ. ಪಾಕವನ್ನು ಸ್ವಲ್ಪ ಸ್ವಲ್ಪವೇ ಕಾಯಿಸಿ, ಅಂಚು ಬೆಳ್ಳಗಾಗುವ ತನಕ ತಿರುವಿ, ನೀರು ಒರೆಸಿದ ಅಚ್ಚಿಗೆ ರಬ್ಬರ್‌ಬ್ಯಾಂಡ್ ಬಿಗಿದು ಹೊಯ್ಯಿರಿ. ಆರಿದ ಮೇಲೆ ಮೆಲ್ಲಗೆ ಬಿಡಿಸಿ. ಹಬ್ಬ ಮುಗಿದ ನಂತರ ಅಚ್ಚನ್ನು ಬಿಸಿನೀರಲ್ಲಿ ತೊಳೆದು ನೆರಳಲ್ಲೇ ಒಣಗಿಸಿ. ಬಿಸಿಲಿಗಿಟ್ಟರೆ ಹೊಸದೂ ಸೀಳುತ್ತದೆ.